ಕಂಪೈಲ್ ಆಯ್ತು ಸರಿ, ಬರೆದದ್ದು ಉಳಿಯಿತಾ?

ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದ ಒಂದು ಬೇಳೆ ಮಿಲ್ಲಿನಿಂದ ಫೋನ್ ಬಂತು. "ಸರ್ರ, ಹೊಸಾ ಲಿನಕ್ಸ್ ಹಾಕಿದ ಮ್ಯಾಲ ಎಲ್ಲಾ ಛಲೋ ನಡದದ. ಖರೆ ಕರೆಂಟ್ ಹೋಗಿ ಬಂದ್ರ ಕಡೀ ನಾಕೈದು ಲಾರಿ ತೂಕ ಕಾಣವಲ್ದು."

ತೊಗರಿ ಲಾರಿ ತೂಗುವ ಕಡೆಯ ಕಂಪ್ಯೂಟರ್ ಅದು. ಒಳಗೆ ಹಳೆಯ ಪಿಸಿಐ ಸ್ಟೋರೇಜ್ ಕಾರ್ಡ್. ಕಾರ್ಡನ್ನು ನಡೆಸುವ ಪ್ರೋಗ್ರಾಮ್, ಅಂದರೆ ಡ್ರೈವರ್, ಬರೆದದ್ದು ಲಿನಕ್ಸಿನ ತಿರುಳಾದ ಕರ್ನೆಲ್ ನೋಡಿಕೊಂಡು, 2009ರ ಕೊನೆಗೆ ಬಂದ 2.6.32 ಕರ್ನೆಲ್‌ಗೆ. ಈಗ ಇರುವುದು ಡೆಬಿಯನ್ 12 ಎಂಬ ಲಿನಕ್ಸ್, ಕರ್ನೆಲ್ 6.1. ನಡುವೆ ಯಾರೋ ಡ್ರೈವರನ್ನು ಹೊಸದಕ್ಕೆ ಹೊಂದಿಸಿದ್ದರು. ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಒಂದೂ ವಾರ್ನಿಂಗ್ ಕೊಡದೆ ಕಂಪೈಲ್ ಮಾಡುತ್ತಿತ್ತು.

ಲಿನಕ್ಸ್ ಕರ್ನೆಲ್ ಒಳಗಿನ ಫಂಕ್ಷನ್‌ಗಳು ಬದಲಾಗುತ್ತಲೇ ಇರುತ್ತವೆ. ಕರ್ನೆಲ್ ಜೊತೆಗೇ ಇರುವ ಡ್ರೈವರ್ ಆದರೆ ಬದಲಾಯಿಸಿದವರೇ ಅದನ್ನೂ ತಿದ್ದುತ್ತಾರೆ. ಹೊರಗೆ ಇಟ್ಟುಕೊಂಡ ಡ್ರೈವರ್ ನಮ್ಮ ತಲೆಗೆ. ಡಿಸ್ಕ್ ನಡೆಸುವ ಬ್ಲಾಕ್ ಡ್ರೈವರ್‌ಗಂತೂ ಪೆಟ್ಟು ಜಾಸ್ತಿ. ಡಿಸ್ಕ್ ಕೆಲಸಗಳನ್ನು ಹಲವು ಸಾಲುಗಳಲ್ಲಿ ಕಳಿಸುವ ಮಲ್ಟಿ-ಕ್ಯೂ ಪದ್ಧತಿ 2014ರಲ್ಲಿ, 3.13ರ ಜೊತೆ ಬಂತು. 2019ರ 5.0ರಲ್ಲಿ ಹಳೆಯ ಒಂಟಿ ಸಾಲಿನ ದಾರಿಯನ್ನೇ ಕಿತ್ತುಹಾಕಿದರು. ಸೆಕ್ಟರ್ ನಂಬರ್ ಇರುವ ಜಾಗ, ಎರರ್ ಹೇಳುವ ರೀತಿ, ಡಿಸ್ಕ್ ನೋಂದಾಯಿಸುವ ಕ್ರಮ ಎಲ್ಲ ಬೇರೆಯಾದವು. ಇವುಗಳಲ್ಲಿ ಹೆಚ್ಚಿನವನ್ನು ಕಂಪೈಲರ್ರೇ ತೋರಿಸಿಕೊಡುತ್ತದೆ, ಕೂತು ತಿದ್ದಿದರಾಯಿತು.

ಕಂಪೈಲರ್ ಪೂರ್ತಿ ತೋರಿಸಿಕೊಡದ ಎರಡು ಸಿಕ್ಕವು.

ಮೊದಲನೆಯದು ಲಾಕ್, ಒಂದೇ ಪಟ್ಟಿಯನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ಹಾಕುವ ಬೀಗ. ಹಳೆಯ ಕಾಲದಲ್ಲಿ ಕರ್ನೆಲ್ ಕ್ಯೂ ಲಾಕ್ ಹಿಡಿದುಕೊಂಡೇ, ಇಂಟರಪ್ಟ್ (ಕೆಲಸ ಮುಗಿದಾಗ ಕಾರ್ಡ್ ಕೊಡುವ ಸಂಕೇತ) ನಿಲ್ಲಿಸಿಯೇ ಡ್ರೈವರನ್ನು ಕರೆಯುತ್ತಿತ್ತು. ಡ್ರೈವರ್ ತನ್ನ ಪಟ್ಟಿಯನ್ನು ನಿಶ್ಚಿಂತೆಯಿಂದ ಮುಟ್ಟುತ್ತಿತ್ತು. ಈಗ ಆ ಲಾಕ್ ಇಲ್ಲ, ಎರಡು ಸಿಪಿಯುಗಳಿಂದ ಒಟ್ಟಿಗೇ ಕರೆ ಬರಬಹುದು. ನಮ್ಮದೇ ಸ್ಪಿನ್‌ಲಾಕ್ ಹಾಕಿದೆ.

ಲಾರಿ ತೂಕ ನುಂಗಿದ್ದು ಎರಡನೆಯದು. ಕಾರ್ಡಿನಲ್ಲಿ ಒಂದು ಕ್ಯಾಷ್ ಇದೆ. ಬರೆದದ್ದು ಮೊದಲು ಅಲ್ಲಿ ಕೂರುತ್ತದೆ, ಕರೆಂಟ್ ಹೋದರೆ ಹೋಯಿತು. "ಕ್ಯಾಷ್ ಇದೆ, ಬೇಕಾದಾಗ ಖಾಲಿ ಮಾಡಿಸು" ಎಂದು ಕರ್ನೆಲ್‌ಗೆ ಹೇಳುವ ಒಂದು ಸಾಲು ಹಳೆಯ ಡ್ರೈವರಿನಲ್ಲಿತ್ತು, ಬ್ಲಾಕ್ ಕ್ಯೂ ಆರ್ಡರ್ಡ್ ಅಂತ. ಆ ಫಂಕ್ಷನ್ 2.6.37ರಲ್ಲೇ ಹೋಯಿತು. ಕಂಪೈಲರ್ "ಇದು ಗೊತ್ತಿಲ್ಲ" ಅಂದಿರುತ್ತದೆ. ಹಿಂದೆ ಕೈಹಾಕಿದವರು ಆ ಸಾಲನ್ನು ಸುಮ್ನೆ ಅಳಿಸಿದ್ದರು. ಎರರ್ ಹೋಯಿತು, ಡಿಸ್ಕ್ ಕಾಣಿಸಿತು. ಆದರೆ ಕ್ಯಾಷ್ ಇದೆ ಎಂದು ಹೇಳದ ಡಿಸ್ಕಿಗೆ ಕರ್ನೆಲ್ ಫ್ಲಶ್, ಅಂದರೆ ಕ್ಯಾಷ್ ಖಾಲಿ ಮಾಡುವ ಆದೇಶ, ಕಳಿಸುವುದೇ ಇಲ್ಲ. ಬರೆದದ್ದನ್ನು ಡಿಸ್ಕಿನಲ್ಲಿ ಖಾತ್ರಿ ಮಾಡು ಎಂದು ಪ್ರೋಗ್ರಾಮ್ ಎಫ್‌ಸಿಂಕ್ ಕೇಳಿದರೆ ಫ್ಲಶ್ ಇಲ್ಲದೆಯೇ "ಆಯಿತು" ಎಂಬ ಉತ್ತರ ಬರುತ್ತದೆ. ಸುಳ್ಳು ಹೇಳಿದ್ದು ನಮ್ಮ ಡ್ರೈವರ್, ಅಲ್ವಾ?

6.1ರಲ್ಲಿ ಇದಕ್ಕೆ ಬ್ಲಾಕ್ ಕ್ಯೂ ರೈಟ್ ಕ್ಯಾಷ್ ಎಂಬ ಕರೆ ಇದೆ. ಅದನ್ನು ಹಾಕಿದರಷ್ಟೇ ಸಾಲದು. ಫ್ಲಶ್ ಎಂಬ ರಿಕ್ವೆಸ್ಟ್ ಬಂದಾಗ ಕಾರ್ಡಿಗೆ ನಿಜವಾದ ಫ್ಲಶ್ ಆದೇಶ ಕೊಡಬೇಕು, ಕಾರ್ಡಿನ ಇಂಟರಪ್ಟ್ ಬಂದ ಮೇಲೆಯೇ "ಮುಗಿಯಿತು" ಅನ್ನಬೇಕು. 6.11ರಿಂದ ಈ ಕರೆಯೂ ಹೋಗಿದೆ, ಡಿಸ್ಕಿನ ಗುಣ-ಮಿತಿಗಳ ಪಟ್ಟಿಯಾದ ಕ್ಯೂ ಲಿಮಿಟ್ಸ್‌ನಲ್ಲಿ ಒಂದು ಫೀಚರ್ ಆಗಿ ಹೇಳಬೇಕು. ಡೆಬಿಯನ್ 13 ಬರುವುದು 6.12ರ ಜೊತೆ. ಅಲ್ಲಿಗೆ ಹೋಗುವವರು ಇದೇ ಸಾಲನ್ನು ಮತ್ತೆ ಅಳಿಸಿಬಿಡುತ್ತಾರೇನೋ ಎಂಬ ಹೆದರಿಕೆ ನನಗಿದೆ.

ಪರೀಕ್ಷೆಗೆ ಅಂತ ಇನ್ನೊಂದು ಅಂಥದೇ ಕಾರ್ಡ್ ತರಿಸಿದೆ, ಮಿಲ್ಲಿನ ಲೆಕ್ಕವಿದ್ದ ಕಾರ್ಡ್ ಮುಟ್ಟಲಿಲ್ಲ. ಒಂದು ಚಿಕ್ಕ ಪ್ರೋಗ್ರಾಮ್ ನಂಬರ್ ಬರೆಯುತ್ತದೆ, ಎಫ್‌ಸಿಂಕ್ ಮಾಡುತ್ತದೆ, ಆಮೇಲೆ ಆ ನಂಬರನ್ನು ನೆಟ್‌ವರ್ಕ್ ಮೇಲೆ ನನ್ನ ಲ್ಯಾಪ್‌ಟಾಪಿಗೆ ಕಳಿಸುತ್ತದೆ. ನಡೆಯುತ್ತಿರುವಾಗಲೇ ಪ್ಲಗ್ ಕಿತ್ತೆ. ಹಿಂದಿನವರು ತಿದ್ದಿದ ಡ್ರೈವರಿನಲ್ಲಿ ಲ್ಯಾಪ್‌ಟಾಪ್ 4180 ತೋರಿಸುತ್ತಿತ್ತು, ಕಾರ್ಡಿನಲ್ಲಿ ಇದ್ದದ್ದು 4162ರವರೆಗೆ. ನನ್ನ ಡ್ರೈವರ್ ಹಾಕಿ 20 ಸಲ ಕಿತ್ತೆ. ಲ್ಯಾಪ್‌ಟಾಪಿಗೆ ಬಂದ ನಂಬರ್ ಒಂದೂ ಕಾರ್ಡಿನಲ್ಲಿ ಕಾಣೆಯಾಗಿರಲಿಲ್ಲ. ಆಮೇಲೆಯೇ ಮಿಲ್ಲಿಗೆ ಫೋನ್ ಮಾಡಿದೆ.