ಪ್ರಯಾಣಿಕರ ಲೆಕ್ಕ, ನಿಲ್ದಾಣಗಳ ಸಾಲ: ಕೆನಡಾದ ವಿಮಾನಯಾನ ಬೆಳೆದು ಬಂದ ಬಗೆ

ಟೊರಾಂಟೊದಿಂದ ಹೊರಡುವ ವಿಮಾನದ ಟಿಕೆಟ್ ರಸೀದಿಯನ್ನು ಕೊನೆಯ ಸಾಲಿನವರೆಗೂ ಓದುವ ತಾಳ್ಮೆಯಿದ್ದವರಿಗೆ, ಮೂಲ ದರದ ಕೆಳಗೆ ಒಂದು ಪುಟ್ಟ ಪಟ್ಟಿ ಕಾಣಿಸುತ್ತದೆ: ನಿಲ್ದಾಣ ಸುಧಾರಣಾ ಶುಲ್ಕ, ಪ್ರಯಾಣಿಕರ ಭದ್ರತಾ ಶುಲ್ಕ, ಆಮೇಲೆ ತೆರಿಗೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಬಳಕೆದಾರರ ಅಭಿವೃದ್ಧಿ ಶುಲ್ಕ ತೆತ್ತು ಅಭ್ಯಾಸವಿರುವ ನಮಗೆ ಇದು ಹೊಸದೆನಿಸಲಿಕ್ಕಿಲ್ಲ. ಆದರೆ ಕೆನಡಾದಲ್ಲಿ ದೊಡ್ಡ ನಿಲ್ದಾಣಗಳ ಕಟ್ಟಡ, ರನ್‌ವೇ, ಸಾಲದ ಬಡ್ಡಿ ಎಲ್ಲವೂ ಬಹುಮಟ್ಟಿಗೆ ಈ ಸಾಲುಗಳ ಮೇಲೆಯೇ ನಿಂತಿವೆ. ಹಾಗಾಗಿ ಅಲ್ಲಿ ಪ್ರಯಾಣಿಕರ ಸಂಖ್ಯೆಯ ಏರಿಳಿತವೆಂದರೆ ನಿಲ್ದಾಣದ ಅನ್ನದ ಪ್ರಶ್ನೆಯೇ ಸರಿ. ಈ ಏರ್ಪಾಡು ಮೊದಲಿನಿಂದಲೂ ಇದ್ದದ್ದಲ್ಲ. ಸರ್ಕಾರ ತಾನೇ ಎಲ್ಲವನ್ನೂ ಕಟ್ಟಿ, ಕೈಸುಟ್ಟುಕೊಂಡ ನಂತರ ಬಂದದ್ದು.

1937ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಟ್ರಾನ್ಸ್-ಕೆನಡಾ ಏರ್‌ಲೈನ್ಸ್ ಹುಟ್ಟಿತು. ಆ ವರ್ಷದ ಸೆಪ್ಟೆಂಬರ್ 1ರಂದು ವ್ಯಾಂಕೂವರ್‌ನಿಂದ ಸಿಯಾಟಲ್‌ಗೆ ಹಾರಿದ ಅದರ ಮೊದಲ ಲಾಕ್‌ಹೀಡ್ ವಿಮಾನದಲ್ಲಿ ಇದ್ದದ್ದು ಅಂಚೆಚೀಲಗಳು ಮತ್ತು ಇಬ್ಬರು ಪ್ರಯಾಣಿಕರು. ಒಂದು ಕೋಟಿ ಚದರ ಕಿಲೋಮೀಟರಿಗೆ ತುಸುವೇ ಕಡಿಮೆ ವಿಸ್ತೀರ್ಣದ ದೇಶವನ್ನು ರೈಲಿನ ನಂತರ ವಿಮಾನದಿಂದ ಹೊಲಿಯಬೇಕೆಂಬುದು ಆಗಿನ ಸಾರಿಗೆ ಸಚಿವ ಸಿ. ಡಿ. ಹೋವ್ ಅವರ ಯೋಜನೆಯಾಗಿತ್ತು. ರೈಲಿನ ನೆನಪು ನಿಲ್ದಾಣಗಳ ಸಂಕೇತಗಳಲ್ಲಿ ಇಂದಿಗೂ ಉಳಿದಿದೆ. ಟೊರಾಂಟೊಗೆ ಹೋಗುವ ಸೂಟ್‌ಕೇಸಿನ ಚೀಟಿಯ ಮೇಲೆ ಊರಿನ ಹೆಸರಿಗೆ ಯಾವ ಸಂಬಂಧವೂ ಇಲ್ಲದ 'ವೈವೈಜೆಡ್' ಎಂಬ ಅಕ್ಷರಗಳಿರುತ್ತವಲ್ಲ, ಅದರ ಕೊನೆಯ ಎರಡಕ್ಷರ ಮಾಲ್ಟನ್ ಎಂಬ ರೈಲು ನಿಲ್ದಾಣದ ತಂತಿ ಸಂಕೇತ. 1965ರಲ್ಲಿ ಏರ್ ಕೆನಡಾ ಎಂಬ ಹೆಸರು ಪಡೆದ ಈ ಸರ್ಕಾರಿ ಸಂಸ್ಥೆಗೆ, 1942ರಲ್ಲಿ ಆರಂಭವಾದ ಕೆನೇಡಿಯನ್ ಪೆಸಿಫಿಕ್ ಖಾಸಗಿ ಪ್ರತಿಸ್ಪರ್ಧಿಯಾಗಿತ್ತು. ಆದರೆ ಯಾರು ಯಾವ ಮಾರ್ಗದಲ್ಲಿ ಹಾರಬೇಕು, ಎಷ್ಟು ದರ ಕೇಳಬೇಕು ಎಂಬುದು ರಾಜಧಾನಿ ಒಟ್ಟಾವದಲ್ಲಿ ತೀರ್ಮಾನವಾಗುತ್ತಿತ್ತು. ನಿಲ್ದಾಣಗಳೂ ಸಾರಿಗೆ ಇಲಾಖೆಯವೇ.

ಜೆಟ್ ವಿಮಾನಗಳು ಬಂದು ಪ್ರಯಾಣಿಕರ ಸಂಖ್ಯೆ ಜಿಗಿಯತೊಡಗಿದಾಗ ಇಲಾಖೆಯ ಅಂದಾಜುಗಾರರು ಆ ಏರುಗೆರೆಯನ್ನು ಹಾಗೆಯೇ ಮುಂದಕ್ಕೆ ಎಳೆದರು. ಮಾಂಟ್ರಿಯಲ್‌ನ ಡೋರ್ವಲ್ ನಿಲ್ದಾಣಕ್ಕೆ ಜಾಗ ಸಾಲದೆಂದು ತೀರ್ಮಾನಿಸಿ, ನಗರದ ವಾಯವ್ಯಕ್ಕೆ ಮಿರಾಬೆಲ್ ಎಂಬಲ್ಲಿ 1969ರಲ್ಲಿ ಸುಮಾರು 97,000 ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಂಡರು. ಬಹುಪಾಲು ಫಲವತ್ತಾದ ಹೊಲ, ತಲೆಮಾರುಗಳಿಂದ ಉಳುತ್ತಿದ್ದ ಫ್ರೆಂಚ್ ಭಾಷಿಕ ರೈತ ಕುಟುಂಬಗಳದ್ದು. 1975ರ ಅಕ್ಟೋಬರ್‌ನಲ್ಲಿ ಪ್ರಧಾನಿ ಪಿಯರ್ ಟ್ರುಡೊ ಉದ್ಘಾಟಿಸಿದಾಗ ಅದು ವಿಸ್ತೀರ್ಣದಲ್ಲಿ ಜಗತ್ತಿನಲ್ಲೇ ಅತಿ ದೊಡ್ಡ ನಿಲ್ದಾಣವೆನಿಸಿಕೊಂಡಿತು. ಟರ್ಮಿನಲ್‌ನಿಂದ ವಿಮಾನದ ಬಾಗಿಲವರೆಗೆ ಪ್ರಯಾಣಿಕರನ್ನು ಒಯ್ಯಲು ಚಕ್ರದ ಮೇಲಿನ ಪಡಸಾಲೆಗಳಂಥ ವಾಹನಗಳಿದ್ದವು; ಕಟ್ಟಡದಡಿಯಲ್ಲಿ ರೈಲು ನಿಲ್ದಾಣಕ್ಕೆಂದು ಜಾಗವನ್ನೂ ಕಟ್ಟಿಟ್ಟಿದ್ದರು. ರೈಲು ಮಾತ್ರ ಬರಲೇ ಇಲ್ಲ. ಹೆದ್ದಾರಿಯ ಜೋಡಣೆಯೂ ಅರ್ಧಕ್ಕೇ ನಿಂತಿತು.

ಅದಕ್ಕಿಂತ ದೊಡ್ಡ ಎಡವಟ್ಟೆಂದರೆ ಅಂತರರಾಷ್ಟ್ರೀಯ ವಿಮಾನಗಳನ್ನು ಮಿರಾಬೆಲ್‌ಗೆ ಕಳಿಸಿ, ದೇಶೀಯ ವಿಮಾನಗಳನ್ನೂ ಅಮೆರಿಕದ ವಿಮಾನಗಳನ್ನೂ ಡೋರ್ವಲ್‌ನಲ್ಲಿಯೇ ಉಳಿಸಿಕೊಂಡದ್ದು. ಪ್ಯಾರಿಸ್‌ನಿಂದ ಬಂದಿಳಿದು ಹ್ಯಾಲಿಫ್ಯಾಕ್ಸ್‌ಗೆ ಹೋಗಬೇಕಾದವರು ಪೆಟ್ಟಿಗೆಗಳ ಸಮೇತ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ರಸ್ತೆಯಲ್ಲಿ ಸಾಗಬೇಕಿತ್ತು. ಅಂಥವರು ಟೊರಾಂಟೊದಲ್ಲಿ ವಿಮಾನ ಬದಲಿಸುವುದೇ ವಾಸಿ ಎಂದುಕೊಂಡರೆ ಆಶ್ಚರ್ಯವೇನು? ಅಷ್ಟರಲ್ಲಿ ವಿಮಾನಗಳ ಹಾರಾಟದ ದೂರವೂ ಹೆಚ್ಚಿತ್ತು. ಅಟ್ಲಾಂಟಿಕ್ ದಾಟಿ ಬಂದ ವಿಮಾನ ಮಾಂಟ್ರಿಯಲ್‌ನಲ್ಲಿ ಇಳಿಯಲೇಬೇಕೆಂಬ ಅನಿವಾರ್ಯ ಉಳಿದಿರಲಿಲ್ಲ. ಹಣ, ಕಚೇರಿಗಳು, ಇಂಗ್ಲಿಷ್ ಭಾಷಿಕ ಉದ್ಯಮಿಗಳು ಟೊರಾಂಟೊದತ್ತ ಹೊರಟಿದ್ದ ಕಾಲವದು. ಮಿರಾಬೆಲ್‌ನ ಪ್ರಯಾಣಿಕರ ಸಂಖ್ಯೆ ವರ್ಷಕ್ಕೆ 30 ಲಕ್ಷದ ಆಸುಪಾಸಿನಲ್ಲೇ ತಡವರಿಸಿತು. 1997ರಲ್ಲಿ ನಿಗದಿತ ಅಂತರರಾಷ್ಟ್ರೀಯ ವಿಮಾನಗಳು ಡೋರ್ವಲ್‌ಗೆ ಮರಳಿದವು, 2004ರ ಅಕ್ಟೋಬರ್‌ನಲ್ಲಿ ಮಿರಾಬೆಲ್‌ನ ಕೊನೆಯ ಪ್ರಯಾಣಿಕ ವಿಮಾನ ಹೊರಟಿತು. ಅದೇ ವರ್ಷ ಡೋರ್ವಲ್‌ಗೆ ಟ್ರುಡೊ ಅವರ ಹೆಸರಿಟ್ಟರು. ಯಾವ ನಿಲ್ದಾಣವನ್ನು ಬದಿಗೆ ಸರಿಸಲು ಅವರ ಸರ್ಕಾರ ಇಷ್ಟೆಲ್ಲ ಮಾಡಿತೋ ಅದಕ್ಕೇ ಅವರ ಹೆಸರು! ಮಿರಾಬೆಲ್‌ನ ಟರ್ಮಿನಲ್ಲನ್ನು 2014ರಿಂದ ಕೆಡವಲಾಯಿತು. ಈಗ ಅಲ್ಲಿರುವುದು ಸರಕು ವಿಮಾನಗಳು ಮತ್ತು ಏರ್‌ಬಸ್ ಎ220 ಜೋಡಣೆಯ ಕಾರ್ಖಾನೆ.

ಟೊರಾಂಟೊದ ಪೂರ್ವಕ್ಕಿರುವ ಪಿಕರಿಂಗ್‌ನಲ್ಲೂ 1972ರಲ್ಲಿ ಇದೇ ನಡೆಯಿತು. ಎರಡನೆಯ ದೊಡ್ಡ ನಿಲ್ದಾಣಕ್ಕೆಂದು ಅಲ್ಲಿ 18,600 ಎಕರೆಯನ್ನು ವಶಪಡಿಸಿಕೊಂಡರು. ಸ್ಥಳೀಯರು ಗಟ್ಟಿಯಾಗಿ ನಿಂತರು. 1975ರಲ್ಲಿ ಒಂಟಾರಿಯೊ ಪ್ರಾಂತ್ಯ ಸರ್ಕಾರ ರಸ್ತೆ, ನೀರು, ಚರಂಡಿ ಒದಗಿಸಲಾರೆನೆಂದು ಹಿಂದೆ ಸರಿದ ಮೇಲೆ ಯೋಜನೆ ಕಪಾಟು ಸೇರಿತು, ಭೂಮಿ ಮಾತ್ರ ಸರ್ಕಾರದ ಕೈಯಲ್ಲೇ ಉಳಿಯಿತು.

ಮಾಂಟ್ರಿಯಲ್‌ನಲ್ಲಿ ವಿಸ್ತರಣೆ ಬೇಕಿರಲಿಲ್ಲವೆಂದು ಮಿರಾಬೆಲ್‌ನ ಕಥೆಯಿಂದ ತೀರ್ಮಾನಿಸುವುದು ಅವಸರವಾದೀತು. ಪ್ರಯಾಣಿಕರೇನೋ ಕೊನೆಗೂ ಬಂದರು, ಆದರೆ ಸರ್ಕಾರ ಹೇಳಿದ ಕಡೆಗೆ ಬರಲಿಲ್ಲ.

1980ರ ದಶಕದ ನಡುವಿಗೆ ಗಾಳಿ ಬದಲಾಯಿತು. ಬ್ರಯನ್ ಮಲ್ರೋನಿ ಸರ್ಕಾರ 1987ರ ರಾಷ್ಟ್ರೀಯ ಸಾರಿಗೆ ಕಾಯ್ದೆಯಿಂದ ದರ ಮತ್ತು ಮಾರ್ಗಗಳ ಮೇಲಿನ ಹಿಡಿತ ಸಡಿಲಿಸಿತು, 1988ರಿಂದ ಏರ್ ಕೆನಡಾದ ಷೇರುಗಳನ್ನು ಮಾರಿತು. ನಿಲ್ದಾಣಗಳ ಸರದಿ ಬಂದದ್ದು 1992ರಲ್ಲಿ. ವ್ಯಾಂಕೂವರ್, ಕ್ಯಾಲ್ಗರಿ, ಎಡ್ಮಂಟನ್, ಮಾಂಟ್ರಿಯಲ್ ನಿಲ್ದಾಣಗಳನ್ನು ಸ್ಥಳೀಯ ಲಾಭರಹಿತ ಪ್ರಾಧಿಕಾರಗಳಿಗೆ ದೀರ್ಘಾವಧಿ ಗುತ್ತಿಗೆಗೆ ಕೊಡಲಾಯಿತು. ಟೊರಾಂಟೊದ ಪಿಯರ್ಸನ್ ನಿಲ್ದಾಣವನ್ನು ಖಾಸಗಿ ಕೂಟವೊಂದಕ್ಕೆ ವಹಿಸುವ ಒಪ್ಪಂದಕ್ಕೆ 1993ರ ಚುನಾವಣೆಯ ಹೊಸ್ತಿಲಲ್ಲಿ ಸಹಿ ಬಿತ್ತು. ಗೆದ್ದು ಬಂದ ಜಾನ್ ಕ್ರೆಟಿಯನ್ ಅದನ್ನು ರದ್ದುಮಾಡಿದರು. ಕೊನೆಗೆ ಪಿಯರ್ಸನ್ ಕೂಡ 1996ರ ಡಿಸೆಂಬರ್‌ನಲ್ಲಿ ಅಂಥದೇ ಪ್ರಾಧಿಕಾರದ ಕೈಸೇರಿತು. ಒಂದು ತಿಂಗಳ ಹಿಂದಷ್ಟೇ ವೈಮಾನಿಕ ಸಂಚಾರ ನಿಯಂತ್ರಣವನ್ನು 150 ಕೋಟಿ ಡಾಲರಿಗೆ ನ್ಯಾವ್ ಕೆನಡಾ ಎಂಬ ಲಾಭರಹಿತ ಸಂಸ್ಥೆಗೆ ಮಾರಲಾಗಿತ್ತು.

ಈ ಪ್ರಾಧಿಕಾರಗಳಿಗೆ ಷೇರುದಾರರಿಲ್ಲ, ನೆಲ ಸರ್ಕಾರದ್ದು. ಕಟ್ಟುವ ಹಣಕ್ಕೆ ಸಾಲಪತ್ರ ಬಿಡುಗಡೆ ಮಾಡಬೇಕು. ಅದರ ಜೊತೆಗೆ, ದೊಡ್ಡ ನಿಲ್ದಾಣಗಳಾದರೆ ಆದಾಯದ ಶೇ 12ರವರೆಗೂ ಏರುವ ದರದಲ್ಲಿ ಸರ್ಕಾರಕ್ಕೆ ನೆಲಬಾಡಿಗೆ ಕಟ್ಟಬೇಕು. ಮೊದಲು ದಾರಿ ತೋರಿಸಿದ್ದು ವ್ಯಾಂಕೂವರ್. ಹೊಸ ಟರ್ಮಿನಲ್‌ಗೆಂದು 1993ರಲ್ಲಿ ಅಲ್ಲಿ ಸುಧಾರಣಾ ಶುಲ್ಕ ಶುರುವಾಯಿತು: ಪ್ರಾಂತ್ಯದೊಳಗಿನ ಪ್ರಯಾಣಕ್ಕೆ 5, ಉತ್ತರ ಅಮೆರಿಕದೊಳಗೆ 10, ಸಾಗರದಾಚೆಗೆ 15 ಡಾಲರ್. ಶುಲ್ಕವನ್ನು ಟಿಕೆಟ್‌ನೊಳಗೆ ಸೇರಿಸುವ ಮುನ್ನ ಜನ ವಿಮಾನದತ್ತ ಹೋಗುವ ದಾರಿಯಲ್ಲೇ ನಿಂತು, ಅದನ್ನು ಬೇರೆಯಾಗಿ ಕಟ್ಟಿ ಚೀಟಿ ಪಡೆಯಬೇಕಿತ್ತು. ಇಷ್ಟು ಬೆತ್ತಲೆಯಾಗಿ ಕೇಳಿದ್ದರಿಂದಲೇ ಗೊಣಗಾಟವೂ ಜೋರಾಗಿತ್ತು. ರಸೀದಿಯೊಳಗೆ ಅಡಗಿದ ಮೇಲೆ ಗೊಣಗಾಟ ತಗ್ಗಿತು, ಶುಲ್ಕ ಹಿಗ್ಗಿತು.

1995ರ ಕೆನಡಾ-ಅಮೆರಿಕ ಮುಕ್ತ ಆಕಾಶ ಒಪ್ಪಂದ ಈ ಹೊಸ ವ್ಯವಸ್ಥೆಗೆ ಬಲ ತುಂಬಿತು, ಗಡಿ ದಾಟುವ ಮಾರ್ಗಗಳು ಒಮ್ಮೆಲೇ ಹೆಚ್ಚಿದವು. ಅಮೆರಿಕದ ವಲಸೆ ಮತ್ತು ಸುಂಕ ತಪಾಸಣೆಯನ್ನು ಕೆನಡಾದ ನೆಲದಲ್ಲೇ ಮುಗಿಸುವ ಪದ್ಧತಿ ಟೊರಾಂಟೊದಲ್ಲಿ 1952ರಿಂದಲೇ ಇದ್ದದ್ದು ಅನುಕೂಲವಾಯಿತು. ವಿಮಾನಯಾನ ಸಂಸ್ಥೆಗಳ ಕಡೆ ಮಾತ್ರ ಸ್ಪರ್ಧೆ ಮೊಳೆತಷ್ಟೇ ಬೇಗ ಬಾಡುತ್ತಿತ್ತು. 1996ರ ಫೆಬ್ರವರಿಯಲ್ಲಿ ಕ್ಯಾಲ್ಗರಿಯ ವೆಸ್ಟ್‌ಜೆಟ್ ಮೂರು ಬೋಯಿಂಗ್ 737 ವಿಮಾನಗಳೊಂದಿಗೆ ಐದು ಊರುಗಳ ನಡುವೆ ಅಗ್ಗದ ಹಾರಾಟ ಆರಂಭಿಸಿ ನೆಲೆಯೂರಿತು. ಆದರೆ ಹಳೆಯ ಕೆನೇಡಿಯನ್ ಪೆಸಿಫಿಕ್‌ನ ಉತ್ತರಾಧಿಕಾರಿಯಾಗಿ ಸಾಲದಲ್ಲಿ ಮುಳುಗಿದ್ದ ಕೆನೇಡಿಯನ್ ಏರ್‌ಲೈನ್ಸ್ 2000ದ ಹೊತ್ತಿಗೆ ಏರ್ ಕೆನಡಾದ ಪಾಲಾಯಿತು, ಕೆನಡಾ 3000 ಎಂಬ ಸಂಸ್ಥೆ 2001ರ ನವೆಂಬರ್‌ನಲ್ಲಿ ಕುಸಿಯಿತು, ಕಡಿಮೆ ದರದ ಲಿಂಕ್ಸ್ ಏರ್ ಎರಡು ವರ್ಷವೂ ತುಂಬದೆ 2024ರ ಫೆಬ್ರವರಿಯಲ್ಲಿ ನಿಂತಿತು. ದೇಶದ ಸ್ಪರ್ಧಾ ಆಯೋಗ 2025ರ ಜೂನ್‌ನಲ್ಲಿ ಹೊರತಂದ ಅಧ್ಯಯನದ ಪ್ರಕಾರ, ದೊಡ್ಡ ನಿಲ್ದಾಣಗಳ ದೇಶೀಯ ಪ್ರಯಾಣಿಕರಲ್ಲಿ ಶೇ 56ರಿಂದ 78ರಷ್ಟು ಮಂದಿ ಏರ್ ಕೆನಡಾ ಇಲ್ಲವೇ ವೆಸ್ಟ್‌ಜೆಟ್‌ನಲ್ಲೇ ಹಾರುತ್ತಾರೆ. ಒಂದು ಮಾರ್ಗಕ್ಕೆ ಹೊಸ ಸ್ಪರ್ಧಿ ಒಬ್ಬರು ಬಂದರೂ ದರ ಸರಾಸರಿ ಶೇ 9ರಷ್ಟು ಇಳಿಯುತ್ತದೆಂದೂ ಅದು ಹೇಳಿದೆ.

ದರ, ಶುಲ್ಕಗಳ ಈ ಭಾರದ ಪರಿಣಾಮ ಗಡಿಯಾಚೆ ಬರಿಗಣ್ಣಿಗೆ ಕಾಣುತ್ತದೆ. ನ್ಯೂಯಾರ್ಕ್ ರಾಜ್ಯದ ಪ್ಲಾಟ್ಸ್‌ಬರ್ಗ್ ನಿಲ್ದಾಣ ತನ್ನನ್ನು 'ಮಾಂಟ್ರಿಯಲ್‌ನ ಅಮೆರಿಕನ್ ನಿಲ್ದಾಣ' ಎಂದೇ ಪ್ರಚಾರ ಮಾಡಿಕೊಂಡಿತು. ವ್ಯಾಂಕೂವರ್‌ನವರಿಗೆ ಬೆಲ್ಲಿಂಗ್‌ಹ್ಯಾಮ್, ಟೊರಾಂಟೊದವರಿಗೆ ಬಫಲೋ. ಫ್ಲೋರಿಡಾಕ್ಕೆ ಹೊರಟ ಕುಟುಂಬ ಗಡಿ ದಾಟಿ ಅಲ್ಲಿ ಕಾರು ನಿಲ್ಲಿಸಿತೆಂದರೆ, ತಲೆಗಿಷ್ಟರಂತೆ ಕೆನಡಾದ ನಿಲ್ದಾಣಕ್ಕೆ ಬರಬೇಕಿದ್ದ ಶುಲ್ಕವೂ ಅಲ್ಲೇ ನಿಂತಂತೆ.

ಪ್ರಯಾಣಿಕರನ್ನೇ ನಂಬಿದ ಈ ಏರ್ಪಾಡಿನ ದೌರ್ಬಲ್ಯವನ್ನು ಪೂರ್ತಿ ಬಯಲಿಗೆಳೆದದ್ದು ಕೋವಿಡ್. ಪಿಯರ್ಸನ್‌ನಲ್ಲಿ 2019ರಲ್ಲಿ 5.05 ಕೋಟಿ ಇದ್ದ ಸಂಖ್ಯೆ 2020ರಲ್ಲಿ 1.33 ಕೋಟಿಗೆ ಬಿತ್ತು. ಸರ್ಕಾರ ಕೆಲವು ತಿಂಗಳು ನೆಲಬಾಡಿಗೆ ಬಿಟ್ಟುಕೊಟ್ಟರೂ ಸಾಲದ ಬಡ್ಡಿ ನಿಲ್ಲುವುದಿಲ್ಲವಲ್ಲ. ನಿಲ್ದಾಣಗಳು ಇನ್ನಷ್ಟು ಸಾಲ ಮಾಡಿದವು, ಶುಲ್ಕ ಏರಿಸಿದವು, ನೌಕರರನ್ನು ಕಡಿಮೆ ಮಾಡಿದವು. 2022ರ ಬೇಸಿಗೆಯಲ್ಲಿ ಜನ ಒಮ್ಮೆಗೇ ಹೊರಟಾಗ ಪಿಯರ್ಸನ್‌ನಲ್ಲಿ ವಾರಸುದಾರರಿಲ್ಲದ ಪೆಟ್ಟಿಗೆಗಳು ರಾಶಿ ಬಿದ್ದವು, ಇಳಿದ ವಿಮಾನದೊಳಗೇ ಪ್ರಯಾಣಿಕರು ಕಾಯಬೇಕಾಯಿತು.

ಚೇತರಿಕೆ ಎಲ್ಲೆಡೆ ಒಂದೇ ರೀತಿ ಆಗಲಿಲ್ಲ. 2024ರಲ್ಲಿ ಮಾಂಟ್ರಿಯಲ್ 2.24 ಕೋಟಿ, ಕ್ಯಾಲ್ಗರಿ 1.89 ಕೋಟಿ ಪ್ರಯಾಣಿಕರೊಂದಿಗೆ ಹೊಸ ದಾಖಲೆ ಬರೆದರೆ, ಪಿಯರ್ಸನ್ 4.68 ಕೋಟಿಗೆ ಬಂದು ಹಳೆಯ ಎತ್ತರಕ್ಕಿಂತ ಕೆಳಗೇ ನಿಂತಿತು. 2025ರಲ್ಲಿ ಅಮೆರಿಕದೊಂದಿಗಿನ ಸುಂಕದ ಜಗಳದಿಂದ ಮುನಿದ ಕೆನಡಿಗರು ಅತ್ತ ಹೋಗುವುದನ್ನು ಕಡಿಮೆ ಮಾಡಿದರು. ಗಡಿ ದಾಟುವ ವಿಮಾನಗಳ ಪ್ರಯಾಣಿಕರ ಸಂಖ್ಯೆ ಇಳಿಯಿತು, ಸಂಸ್ಥೆಗಳು ಆ ವಿಮಾನಗಳನ್ನು ಯುರೋಪಿನತ್ತಲೂ ದೇಶದೊಳಗೂ ತಿರುಗಿಸಿದವು.

ಅದೇ ವರ್ಷದ ಜನವರಿಯಲ್ಲಿ ಸಾರಿಗೆ ಸಚಿವೆ ಅನಿತಾ ಆನಂದ್, ಪಿಕರಿಂಗ್‌ನಲ್ಲಿ ನಿಲ್ದಾಣ ಕಟ್ಟುವುದಿಲ್ಲವೆಂದು ಪ್ರಕಟಿಸಿದರು. ವಶಪಡಿಸಿಕೊಂಡು 53 ವರ್ಷ ಕಳೆಯುವ ಹೊತ್ತಿಗೆ ಅಲ್ಲಿನ ಎಷ್ಟೋ ಮನೆಗಳ ಕಿಟಕಿಗಳಿಗೆ ಹಲಗೆ ಬಡಿದಿತ್ತು, ಹಲವನ್ನು ಕೆಡವಿಯೂ ಆಗಿತ್ತು. ಉಳಿದ ಹೊಲಗಳನ್ನು ರೈತರು ಸರ್ಕಾರದಿಂದ ಗುತ್ತಿಗೆಗೆ ಪಡೆದು ಉಳುತ್ತಿದ್ದರು. ಆ ಭೂಮಿಯನ್ನು ಪಕ್ಕದ ರೂಜ್ ರಾಷ್ಟ್ರೀಯ ನಗರ ಉದ್ಯಾನದ ಕಡೆಗೆ ಸೇರಿಸುವ ಮಾತುಕತೆ ಆರಂಭವಾಯಿತು. ಪಿಯರ್ಸನ್ ತನ್ನ ಬೇಲಿಯೊಳಗೇ ಹಲವು ನೂರು ಕೋಟಿ ಡಾಲರ್‌ಗಳ ವಿಸ್ತರಣೆಗೆ ಇಳಿದಿದೆ.