ಸಿಗ್ನಲ್ ಫುಲ್, ಫೋಟೋ ಮಾತ್ರ ಹೋಗಲ್ಲ: ಕಂಬದ ಹಿಂದಿನ ಕಥೆ

ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತವರಿಗೆ ಇದು ಗೊತ್ತು. ಅಂಬಾರಿ ಎದುರಿಗೇ ಬಂದಿರುತ್ತದೆ, ಫೋನಿನಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ನೆಟ್ಟಗೆ ನಿಂತಿರುತ್ತವೆ, ಮನೆಯವರಿಗೆ ಕಳಿಸಿದ ಫೋಟೋ ಮಾತ್ರ ಸುತ್ತುತ್ತಲೇ ಇರುತ್ತದೆ. ಆನೆ ಬನ್ನಿಮಂಟಪ ಮುಟ್ಟಿದ ಮೇಲೆ ಫೋಟೋ ಮನೆ ಮುಟ್ಟುತ್ತದೆ.

ಆ ಕಡ್ಡಿಗಳು ಹೇಳುವುದು ಫೋನಿಗೂ ಟವರಿಗೂ ಇರುವ ನಂಟನ್ನಷ್ಟೇ. ಜನ ಜಾಸ್ತಿಯಾದಾಗ ಆ ನಂಟಿನಲ್ಲೇ ನೂಕುನುಗ್ಗಲು ಆಗುತ್ತದೆ. ಅದಕ್ಕೆ ಮದ್ದು ಅಂತ ಬಂದದ್ದು ಸ್ಮಾಲ್ ಸೆಲ್. ಒಂದು ದೊಡ್ಡ ಟವರ್ ಬದಲು ಲೈಟ್ ಕಂಬ, ಗೋಡೆ, ಬಸ್ ಸ್ಟಾಪ್ ಮೇಲೆ ನೂರಿನ್ನೂರು ಮೀಟರಿಗೊಂದು ಪುಟ್ಟ ಡಬ್ಬಿ. ಸರಿ, ಆ ಡಬ್ಬಿಗೆ ಬಂದ ಡೇಟಾ ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕು? ಡಬ್ಬಿಯನ್ನು ಮುಖ್ಯ ನೆಟ್‌ವರ್ಕ್‌ಗೆ ಜೋಡಿಸುವ ಆ ದಾರಿಗೇ ಬ್ಯಾಕ್‌ಹಾಲ್ ಅನ್ನುವುದು. ತಲೆನೋವು ಶುರುವಾಗುವುದೂ ಇಲ್ಲೇ.

ಮೈಸೂರಿಗೆ ವೈರ್‌ಲೆಸ್ ಹೊಸದೇನಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದ ಊರು ಇದು. ಆದರೆ ರೇಡಿಯೋದ್ದು ಒಂದೇ ದಿಕ್ಕಿನ ಮಾತು. ಕೇಳುವವರು ಎಷ್ಟೇ ಜನ ಇರಲಿ, ಕಳಿಸುವವನಿಗೆ ಭಾರ ಒಂದೇ. ಫೋನ್ ಹಾಗಲ್ಲ, ಪ್ರತಿಯೊಬ್ಬರಿಗೂ ಬೇರೆ ಬೇರೆ ಮಾತು.

ದೂರದೂರಿನ ಫೋನ್ ಮಾತನ್ನು ತಂತಿಯಿಲ್ಲದೆ ಸಾಗಿಸಲು ಮೈಕ್ರೋವೇವ್ ಅನ್ನುವ ರೇಡಿಯೋ ತರಂಗ ಬಂತು. ಅಮೆರಿಕದಲ್ಲಿ 1947ರಲ್ಲೇ ನ್ಯೂಯಾರ್ಕ್‌ನಿಂದ ಬೋಸ್ಟನ್‌ಗೆ ಗುಡ್ಡದಿಂದ ಗುಡ್ಡಕ್ಕೆ ಹಾರುತ್ತಾ ಹೋಗುವ ಲಿಂಕ್ ಇತ್ತು. ಎರಡು ಆಂಟೆನಾ ಒಂದಕ್ಕೊಂದು ಕಾಣಬೇಕು, ನಡುವೆ ಏನೂ ಅಡ್ಡ ಬರಬಾರದು. ಹಾಗಾಗಿ ಎತ್ತರ ಹುಡುಕು ಅನ್ನುವುದೇ ಆಗಿನ ಶಾಸ್ತ್ರ. ಭಾರತಕ್ಕೆ 1995ರಲ್ಲಿ ಮೊಬೈಲ್ ಬಂದಾಗಲೂ ಇದೇ ಲೆಕ್ಕ ನಡೆಯಿತು. ಬರೀ ಮಾತು ಸಾಗಿಸುವ 2ಜಿ ಟವರಿಗೆ ಸೆಕೆಂಡಿಗೆ 2 ಮೆಗಾಬಿಟ್‌ನ ಒಂದೆರಡು ಲೈನ್ ಸಾಕಿತ್ತು. ಟವರ್ ತುದಿಗೆ ಒಂದು ಡಿಶ್ ಕಟ್ಟಿದರೆ ಕೆಲಸ ಮುಗಿಯಿತು.

4ಜಿ ಆ ಲೆಕ್ಕ ಕೆಡಿಸಿತು. 20 ಮೆಗಾಹರ್ಟ್ಸ್‌ನ ಒಂದೇ ಸೆಲ್, ಅಂದರೆ ಒಂದು ಆಂಟೆನಾ ನೋಡಿಕೊಳ್ಳುವ ಜಾಗ, ಸೆಕೆಂಡಿಗೆ ಗರಿಷ್ಠ 150 ಮೆಗಾಬಿಟ್ ಕೇಳುತ್ತದೆ. 5ಜಿ ಗಿಗಾಬಿಟ್ ಕೇಳುತ್ತದೆ. ಫೈಬರ್ ಕೇಬಲ್ ಹಾಕಿಬಿಡಿ ಅನ್ನೋದು ಸುಲಭ. 2022ರ ಅಕ್ಟೋಬರ್‌ನಲ್ಲಿ ದೇಶದಲ್ಲಿ 5ಜಿ ಶುರುವಾದಾಗ ಫೈಬರ್ ತಲುಪಿದ್ದ ಟವರುಗಳೇ ಸುಮಾರು ಮೂರರಲ್ಲಿ ಒಂದು. ಇನ್ನು ಕಂಬ ಕಂಬಕ್ಕೂ ಅಗೆಯುವುದು ಅಂದರೆ? ಅದೂ ದೇವರಾಜ ಮಾರುಕಟ್ಟೆ ಸುತ್ತಮುತ್ತ?

ಸರ್ಕಾರ ದಾರಿ ಸ್ವಲ್ಪ ಸಲೀಸು ಮಾಡಿತು ಅನ್ನಬೇಕು. 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದಿ, ಬೀದಿ ಕಂಬಕ್ಕೆ ಸ್ಮಾಲ್ ಸೆಲ್ ಕೂರಿಸಲು ವರ್ಷಕ್ಕೆ ಪಟ್ಟಣದಲ್ಲಿ 300 ರೂಪಾಯಿ, ಹಳ್ಳಿಯಲ್ಲಿ 150 ರೂಪಾಯಿ ಅಂತ ಗೊತ್ತುಮಾಡಿತು. ಅದೇ ವರ್ಷ ಬ್ಯಾಕ್‌ಹಾಲ್‌ಗೆಂದು ಇ-ಬ್ಯಾಂಡ್‌ನಲ್ಲಿ 250 ಮೆಗಾಹರ್ಟ್ಸ್‌ನ ಎರಡು ಪಟ್ಟಿಗಳನ್ನು ತಾತ್ಕಾಲಿಕವಾಗಿ ಕೊಡಲು ಒಪ್ಪಿತು. ಇ-ಬ್ಯಾಂಡ್ ಅಂದರೆ 71ರಿಂದ 76 ಮತ್ತು 81ರಿಂದ 86 ಗಿಗಾಹರ್ಟ್ಸ್‌ನ ರೇಡಿಯೋ ತರಂಗ. ಜಾಗ ಧಾರಾಳ, ಗಿಗಾಬಿಟ್ ಆರಾಮಾಗಿ ಹೋಗುತ್ತದೆ.

ಆದರೆ ಅದಕ್ಕೆ ಮಳೆ ಆಗಲ್ಲ. ಗಂಟೆಗೆ 50 ಮಿಲಿಮೀಟರ್ ವೇಗದಲ್ಲಿ ಸುರಿದರೆ ಹಳೇ ಮೈಕ್ರೋವೇವ್‌ನ 15 ಗಿಗಾಹರ್ಟ್ಸ್ ಲಿಂಕ್ ಕಿಲೋಮೀಟರಿಗೆ ನಾಲ್ಕು ಡೆಸಿಬೆಲ್‌ನಷ್ಟು ಕಳೆದುಕೊಳ್ಳುತ್ತದೆ, ಇ-ಬ್ಯಾಂಡ್ ಆಸುಪಾಸಿನ 80 ಗಿಗಾಹರ್ಟ್ಸ್‌ದು ಹೆಚ್ಚುಕಡಿಮೆ 19. ಹತ್ತು ಡೆಸಿಬೆಲ್ ಹೋದರೆ ಸಿಗ್ನಲ್ ಶಕ್ತಿಯಲ್ಲಿ ಉಳಿಯುವುದು ಹತ್ತನೇ ಒಂದು ಭಾಗ. ಇಪ್ಪತ್ತು ಹೋದರೆ ನೂರರಲ್ಲಿ ಒಂದು. ಇಲ್ಲಿ ಜನ ಎಡವುವ ಜಾಗ ಒಂದಿದೆ. ಮೈಸೂರಲ್ಲಿ ಮಳೆ ಕಮ್ಮಿ, ಆಗುಂಬೆಯೇನಲ್ಲವಲ್ಲ ಅಂತಾರೆ. ಲಿಂಕಿಗೆ ವರ್ಷದ ಮಳೆ ಲೆಕ್ಕ ಬೇಡ ಸ್ವಾಮಿ, ಆ ಹತ್ತು ನಿಮಿಷ ಎಷ್ಟು ಜೋರಾಗಿ ಹೊಡೆಯಿತು ಅನ್ನೋದೇ ಬೇಕು. ದಿನವಿಡೀ ಹಿಡಿದ ಜಡಿಮಳೆಯನ್ನು ಅದು ತಡೆದುಕೊಳ್ಳಬಹುದು, ಸಂಜೆ ಗುಡುಗಿ ಸುರಿಯುವ ಮೈಸೂರು-ಮಂಡ್ಯದ ಮಳೆಗೆ ಕೈಕೊಡುತ್ತದೆ. ನಮ್ಮ ಕಡೆ ಅಂಥ ಮಳೆ ಮೇನಲ್ಲಿ ಬರುತ್ತದೆ, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅಂದರೆ ಸರಿಯಾಗಿ ದಸರಾ ಹೊತ್ತಿಗೆ!

ಇಲ್ಲಿ ಸ್ಮಾಲ್ ಸೆಲ್ ಸಣ್ಣದಾಗಿರುವುದೇ ನೆರವಿಗೆ ಬರುತ್ತದೆ. ಕಂಬದಿಂದ ಕಂಬಕ್ಕೆ 300 ಮೀಟರ್ ಆದರೆ ಅದೇ ಮಳೆಯಲ್ಲಿ ಹೋಗುವುದು ಹೆಚ್ಚುಕಡಿಮೆ ಆರು ಡೆಸಿಬೆಲ್. ಅಷ್ಟನ್ನು ಮೊದಲೇ ಮೀಸಲಿಡಬಹುದು. ಹಾಗಾಗಿ ಹಳೇ ಶಾಸ್ತ್ರ ತಲೆಕೆಳಗಾಯಿತು. ಚಾಮುಂಡಿ ಬೆಟ್ಟದಿಂದ ಇಡೀ ಊರು ಕಾಣುತ್ತದೆ ನಿಜ, ಆದರೆ ಆ ದೂರ ಈ ತರಂಗಕ್ಕೆ ಜಾಸ್ತಿಯಾಯಿತು. ಈಗ ಬೇಕಾಗಿರುವುದು ಎತ್ತರವಲ್ಲ, ಪಕ್ಕದ ಕಂಬ.

ಪಕ್ಕದ ಕಂಬಕ್ಕೆ ದಾಟಿಸುತ್ತಾ ಹೋದರೆ ಇನ್ನೊಂದು ಕಷ್ಟ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ಕೊನೇ ಭಾಗದ ರೈತ ಕಾಯುತ್ತಾ ಕೂರುತ್ತಾನಲ್ಲ, ಅದೇ ಕಥೆ. ಹತ್ತು ಕಂಬ ಸಾಲಾಗಿ ಪೋಣಿಸಿದರೆ ಫೈಬರ್ ಪಕ್ಕದ ಮೊದಲ ಲಿಂಕ್ ಹತ್ತೂ ಕಂಬದ ಭಾರ ಹೊರಬೇಕು. ಅದು ಬಿದ್ದರೆ ಹತ್ತೂ ಬಿದ್ದವು. ಅದಕ್ಕೇ ಎರಡು ಮೂರು ಕಂಬಕ್ಕೊಂದು ಫೈಬರ್ ತೂಬು ಇಟ್ಟು, ಉಳಿದವನ್ನು ಅದರಿಂದ ಕವಲೊಡೆಸುವುದು ವಾಸಿ.

ಭಾರದ ಅಂದಾಜಿಗೂ ಒಂದು ಸೂತ್ರವಿದೆ. 2011ರಲ್ಲಿ ಮೊಬೈಲ್ ಕಂಪನಿಗಳ ಒಕ್ಕೂಟ ಎನ್‌ಜಿಎಂಎನ್ 4ಜಿಗೆ ಅಂತ ಕೊಟ್ಟದ್ದು. ಒಂದು ಸೆಲ್‌ನ ಗರಿಷ್ಠ ವೇಗ, ಎಲ್ಲ ಸೆಲ್‌ಗಳ ಬಿಡುವಿಲ್ಲದ ಹೊತ್ತಿನ ಸರಾಸರಿ ಮೊತ್ತ, ಇವೆರಡರಲ್ಲಿ ಯಾವುದು ದೊಡ್ಡದೋ ಅಷ್ಟು ಇಡಿ ಅನ್ನುತ್ತದೆ. ಗರಿಷ್ಠ 150 ಮೆಗಾಬಿಟ್, ಸರಾಸರಿ 30 ಅಂತ ಇಟ್ಕೊಳ್ಳಿ. ಹತ್ತು ಸೆಲ್‌ಗೆ 1500 ಬೇಡ, 300 ಸಾಕು. ಕೆಲವರು ಇನ್ನೂ ಉಳಿಸಲು ನೋಡುತ್ತಾರೆ. ಅಂಗಡಿ ಬೀದಿ ತುಂಬಿದಾಗ ಮನೆಗಳ ಬೀದಿ ಖಾಲಿ ಇರುತ್ತದಲ್ಲ, ಒಟ್ಟು ಭಾರ ಅಷ್ಟು ಬರಲ್ಲ ಅಂತ. ದಸರಾ ದಾರಿಯಲ್ಲಿ ಈ ಜಾಣತನ ನಡೆಯಲ್ಲ. ಅರಮನೆಯಿಂದ ಬನ್ನಿಮಂಟಪದವರೆಗೆ ಎಲ್ಲ ಕಂಬವೂ ಒಟ್ಟಿಗೇ ತುಂಬುತ್ತವೆ, ಅದೇ ಹೊತ್ತಿಗೆ ಮಳೆ ಬಂದರೆ ಲಿಂಕ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಹಾಗಾಗಿ ಆ 300 ಸಿಗಬೇಕಾದದ್ದು ಬಿಸಿಲಲ್ಲಲ್ಲ, ಜೋರು ಮಳೆಯಲ್ಲಿ.

ಮರಗಳ ಮಾತು ಬಿಟ್ಟೇ ಹೋಗಿತ್ತು. ಗುಲ್‌ಮೊಹರ್ ಎಲೆ ಉದುರಿಸಿ ನಿಂತ ಫೆಬ್ರವರಿಯಲ್ಲಿ ಸರ್ವೆ ಮಾಡಿದರೆ ಕಂಬಕ್ಕೆ ಕಂಬ ಚೆನ್ನಾಗಿ ಕಾಣುತ್ತದೆ. ಜೂನ್‌ನಲ್ಲಿ ಅದೇ ಜಾಗಕ್ಕೆ ಹೋಗಿ ನೋಡಿ.