‘ಕಾಯಕವೇ ಕೈಲಾಸ’ ಅಂದರೆ ಬಿಡುವಿಲ್ಲದೆ ದುಡಿ ಅಂತಲಾ?

ಪ್ರಶ್ನೆ: ನಮ್ಮ ಆಫೀಸಿನ ಗೋಡೆಯ ಮೇಲೆ ‘ಕಾಯಕವೇ ಕೈಲಾಸ – ಬಸವಣ್ಣ’ ಅಂತ ಬೋರ್ಡ್ ಇದೆ. ರಜೆ ಕೇಳಿದರೆ ಮ್ಯಾನೇಜರ್ ಅದರ ಕಡೆ ಕೈ ತೋರಿಸುತ್ತಾರೆ. ಬಸವಣ್ಣ ನಿಜಕ್ಕೂ ಹೀಗೆ ಹೇಳಿದ್ದರಾ?

ಉತ್ತರ: ಆ ಸಾಲು ಬಸವಣ್ಣನವರದಲ್ಲ, ಆಯ್ದಕ್ಕಿ ಮಾರಯ್ಯನದು. ಬಸವಣ್ಣನವರೂ ಕಾಯಕದ ಪರವಾಗಿಯೇ ಇದ್ದವರು, ಹಾಗಾಗಿ ಹೆಸರು ತಪ್ಪಿದ್ದು ಅಷ್ಟು ದೊಡ್ಡ ವಿಷಯವಲ್ಲ. ಮುಂದಿನ, ಹಿಂದಿನ ಸಾಲುಗಳು ಬಿದ್ದುಹೋಗಿದ್ದೇ ತೊಂದರೆ. ಪೂರ್ತಿ ವಚನ ಹೀಗಿದೆ:

“ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು, ಜಂಗಮ ಮುಂದಿದ್ದಡೂ ಹಂಗು ಹರಿಯಬೇಕು, ಕಾಯಕವೆ ಕೈಲಾಸವಾದ ಕಾರಣ. ಅಮರೇಶ್ವರಲಿಂಗವಾಯಿತ್ತಾದಡೂ ಕಾಯಕದೊಳಗು.”

ನೋಡಿ, ಇದು ದುಡಿಯುವವನೇ ಆಡಿದ ಮಾತು. ಗುರು ಬಂದರೂ, ಜಂಗಮ (ಊರೂರು ಸುತ್ತುವ ಶಿವಯೋಗಿ) ಎದುರು ನಿಂತರೂ ಅವರ ಹಂಗು ನನಗಿಲ್ಲ ಅನ್ನುತ್ತಾನೆ. ಕೊನೆಗೆ ತನ್ನ ದೇವರನ್ನೂ ಕಾಯಕದ ಒಳಗೇ ತಂದು ಕೂರಿಸುತ್ತಾನೆ. 12ನೇ ಶತಮಾನದಲ್ಲಿ ಅಕ್ಕಿ ಆಯ್ದು ಬದುಕುತ್ತಿದ್ದ ಒಬ್ಬ ಬಡವ ಇಷ್ಟು ಧೈರ್ಯವಾಗಿ ಮಾತಾಡಿದ್ದಾನೆ! ಅದನ್ನೇ ಕತ್ತರಿಸಿ, ಮೇಲಿನವರು ಕೆಳಗಿನವರಿಗೆ ಹೇಳುವ ಬುದ್ಧಿವಾದ ಮಾಡಿಬಿಟ್ಟಿದ್ದೇವೆ.

ಕೆಲಸ ಪೂಜೆಗಿಂತ ದೊಡ್ಡದು ಅನ್ನುವ ಅರ್ಥ ವಚನದಲ್ಲಿ ಇದ್ದೇ ಇದೆ. ಬೋರ್ಡ್ ಬರೆಸಿದವರು ಪೂರ್ತಿ ಸುಳ್ಳು ಹೇಳಿಲ್ಲ. ಆದರೆ ಎಷ್ಟು ದುಡಿಯಬೇಕು, ಎಷ್ಟು ತರಬೇಕು ಅನ್ನುವ ಪ್ರಶ್ನೆ ಮಾರಯ್ಯನ ಮನೆಯಲ್ಲೇ ಎದ್ದಿತ್ತು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ, ಲಕ್ಕಮ್ಮ ದಂಪತಿಗೆ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯೇ ಆಧಾರ, ದಾಸೋಹವೂ ಅದರಲ್ಲೇ. ಒಂದು ದಿನ ಅವನು ಜಾಸ್ತಿ ಅಕ್ಕಿ ತಂದನಂತೆ. ಹೆಂಡತಿ ಖುಷಿಪಡಲಿಲ್ಲ. “ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ” ಅಂದಳು. ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ, ಈಶ್ವರ ಒಪ್ಪುವುದಿಲ್ಲ ಅಂತ. ಆವತ್ತಿಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ಅವನನ್ನು ವಾಪಸ್ ಕಳಿಸಿದಳು ಅನ್ನುತ್ತದೆ ಕಥೆ. ಆಸೆ ಅನ್ನುವುದು ಅರಸರಿಗೆ ಇರಬಹುದು, ಶಿವಭಕ್ತರಿಗೆ ಉಂಟೇ ಅಂತ ಅದೇ ವಚನದಲ್ಲಿ ಕೇಳುತ್ತಾಳೆ. ಟಾರ್ಗೆಟ್ ಮುಟ್ಟಿಸಲು ಹೇಳುವ ಬೋರ್ಡಿನ ಪಕ್ಕ ಲಕ್ಕಮ್ಮನ ಈ ಸಾಲನ್ನು ಯಾರೂ ಬರೆಸುವುದಿಲ್ಲ, ಅಲ್ವಾ?

ವಚನದ ವಿಷಯದಲ್ಲಿ ಇಂಥ ಎಡವಟ್ಟು ಸುಲಭವಾಗಿ ಆಗುತ್ತದೆ. ವಚನಕಾರರ ಗುರುತು ಇರುವುದು ಅಂಕಿತದಲ್ಲಿ, ಅಂದರೆ ಅವರು ತಮ್ಮ ವಚನಗಳಲ್ಲಿ ಸಹಿಯಂತೆ ಬಳಸುವ ದೇವರ ಹೆಸರಿನಲ್ಲಿ. ಅದು ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ನಡುವಿನ ಎರಡು ಪದ ಎತ್ತಿಕೊಂಡರೆ ಹೇಳಿದವರ ಗುರುತೇ ಉದುರಿಹೋಗುತ್ತದೆ. ಆಮೇಲೆ ಹೆಚ್ಚು ಪ್ರಸಿದ್ಧರಾದವರ ಹೆಸರು ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಅಂಕಿತ ‘ಕೂಡಲಸಂಗಮದೇವ’ ಆಗಿದ್ದರೆ ಬಸವಣ್ಣನವರದು, ‘ಅಮರೇಶ್ವರಲಿಂಗ’ ಅಂತಿದ್ದರೆ ಮಾರಯ್ಯನದು, ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಅಂತಿದ್ದರೆ ಲಕ್ಕಮ್ಮನದು. ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿದೆ. ಮುಂದಿನ ಸಲ ಮ್ಯಾನೇಜರ್ ಬೋರ್ಡಿನ ಕಡೆ ಕೈ ತೋರಿಸಿದರೆ, ಅಂಕಿತ ಯಾವುದು ಸಾರ್ ಅಂತ ಸುಮ್ನೆ ಕೇಳಿ.